‘ಸರಿ’ ಮುಂದಿನ ಚುಕ್ಕಿ

ಪುಟ್ಟಿ,

ಹಬ್ಬ ಕಳೆದರೂ ನಿನ್ನ ಫೋನ್ ಇಲ್ಲ. ಯಾಕೆ ಅಂತ ನಿಮ್ಮಮ್ಮ ನಿನ್ನೆ ಹೇಳಿದಳು. ಯುಗಾದಿಗೆ ಬರಕ್ಕಾಗಲ್ಲ ಅಂತ ನೀನು ಪುಣೆಯಿಂದ ಮೆಸೇಜ್ ಹಾಕಿದೆ, ನಾನು ‘ಸರಿ.’ ಅಂದೆ. ಆ ಚುಕ್ಕಿ ನೋಡಿ ಅಪ್ಪನಿಗೆ ಕೋಪ ಬಂದಿದೆ ಅಂದುಕೊಂಡೆಯಂತೆ. ಚುಕ್ಕಿಗೂ ಕೋಪವಾ!

ಮಾತು ಮುಗಿದ ಕಡೆ ಚುಕ್ಕಿ ಇಡುವುದು ಮಂಡಿಪೇಟೆಯ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿ ಜೋಡಿಸಿ ಕೈಗೆ ಹತ್ತಿದ ಚಾಳಿ. ಚುಕ್ಕಿಗೂ ಬೇರೆಯೇ ಮೊಳೆ. ತೀರಾ ತೆಳ್ಳಗೆ, ಬೆರಳಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಸ್ಕೂಲು ಬಿಟ್ಟು ಬಂದವಳು ನೀನು ಕೆಳಗೆ ಕೂತು ಅವನ್ನು ಹೆಕ್ಕುತ್ತಿದ್ದೆ. ಬೆಳಕಿಗೆ ಹಿಡಿದು ಇದು ಕಾಮಾ, ಇದು ಚುಕ್ಕಿ ಅಂತ ಬೇರೆ ಮಾಡುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ‘ಈ ಮಗೂನೇ ಪ್ರೂಫ್ ನೋಡಲಿ ಬಿಡಯ್ಯ’ ಅಂತ ಮಾಲೀಕರು ನಗುತ್ತಿದ್ದರು. ನನಗೆ ಹೆಮ್ಮೆ, ಜೊತೆಗೆ ಭಯ. ಅದು ಸೀಸ. ಆ ಕೈ ಬಾಯಿಗೆ ಹೋದರೆ? ಎಷ್ಟು ಸಲ ತೊಳೆಸಿದರೂ ಸಮಾಧಾನವಿಲ್ಲ. ಮನೆಗೆ ಬಂದು ಮತ್ತೆ ತೊಳೆಸುತ್ತಿದ್ದೆ. ಈಗಲೂ ನೀನು ತಲೆನೋವು ಅಂದರೆ ನನಗೆ ಆ ಸೀಸವೇ ನೆನಪಾಗುತ್ತದೆ.

ಪಕ್ಕದ ಮನೆ ಹುಡುಗ ನಿನ್ನ ಕಡೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಮೆಸೇಜುಗಳನ್ನು ಓದಲು ಕೊಟ್ಟಿದ್ದರಂತೆ. ಒಂದೇ ಪದದ ಉತ್ತರಕ್ಕೆ ಚುಕ್ಕಿ ಇದ್ದರೆ ಅದು ಮನಸಾರೆ ಬಂದದ್ದಲ್ಲ ಅನಿಸಿತಂತೆ. ಮೆಸೇಜ್ ಹೋದಾಗಲೇ ಮಾತು ಮುಗೀತು, ಚುಕ್ಕಿ ಬೇರೆ ಯಾಕೆ ಅಂಕಲ್ ಅಂತಾನೆ. ಸರಿಯೇ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಪದ್ಯ ಮುಗಿದರೆ ನಿಂತ ಗೆರೆ ಅಷ್ಟೇ. ಈ ಕಾಮಾ, ಚುಕ್ಕಿ ಎಲ್ಲ ಅಚ್ಚಿನ ಜೊತೆ ಬಂದವು. ನಿಮ್ಮ ಕಾಲಕ್ಕೆ ಬೇಡವಾದರೆ ಬಿಡಿ.

ಆದರೆ ಆಫೀಸಿನ ಪತ್ರದಲ್ಲಿ ಬಿಡಬೇಡ. ಮೇಲಿನವರಿಗೆ ಸಾಲಾಗಿ ಆಶ್ಚರ್ಯಸೂಚಕ ಹಾಕಬೇಡ. ‘ನೋಡೋಣ...’ ಅಂತ ಎಳೆಯಬೇಡ, ನಿಮ್ಮಮ್ಮ ಅದನ್ನು ಓದಿ ಓದಿ ನಿದ್ದೆ ಕೆಡಿಸಿಕೊಳ್ಳುತ್ತಾಳೆ. ರಾತ್ರಿ ಊಟ ಬಿಟ್ಟು ಮಲಗಬೇಡ. ಇದಕ್ಕೂ ಚುಕ್ಕಿಗೂ ಸಂಬಂಧವಿಲ್ಲ, ಸುಮ್ನೆ ಬರೆದೆ.

ಕೈಯಲ್ಲಿ ಬರೆದ ಚೀಟಿ ತೋರಿಸಿದಾಗ ಚುಕ್ಕಿ ಇದ್ದರೂ ಆ ವಿದ್ಯಾರ್ಥಿಗಳಿಗೆ ಹಾಗೇನೂ ಅನಿಸಲಿಲ್ಲವಂತೆ. ಅದಕ್ಕೇ ಫೋನ್ ಪಕ್ಕಕ್ಕಿಟ್ಟು ಕಾಗದ ಹಿಡಿದೆ. ನಿನಗೆ ರಜೆ ಸಿಗಲಿಲ್ಲ ಅಂತ ಕೋಪವಿಲ್ಲ. ಬೇಜಾರಿತ್ತು. ಅದನ್ನು ಮೆಸೇಜಿನಲ್ಲಿ ಹೇಗೆ ಹೇಳುವುದೋ ಗೊತ್ತಾಗಲಿಲ್ಲ.

ಭಾನುವಾರ ಫೋನ್ ಮಾಡು.

ಇಂತಿ,
ಅಪ್ಪ
ತುಮಕೂರು