ಟರ್ಫಿನ ಕಪ್ಪು ಕಾಳು, ಮಕ್ಕಳ ಮೊಣಕಾಲು

ಮಾನ್ಯ ಸಂಪಾದಕರೇ,

ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ಕೃತಕ ಹುಲ್ಲಿನ ಟರ್ಫ್. ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರಾಗುವ ನಮ್ಮ ಕಡೆಗೆ ಅದು ಬೇಕು ಕೂಡ. ನನ್ನ ಮಗಳು ಫುಟ್‌ಬಾಲ್ ಕಲಿತದ್ದೇ ಅಲ್ಲಿ. ಕಳೆದ ವರ್ಷ ಅವಳ ಎಡ ಮೊಣಕಾಲಿನ ಎಸಿಎಲ್ ಲಿಗಮೆಂಟ್ (ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ) ಹರಿದದ್ದೂ ಅಲ್ಲೇ. ಯಾರೂ ಅವಳಿಗೆ ತಾಗಿರಲಿಲ್ಲ. ಓಡುತ್ತಾ ಬಂದವಳು ಗಕ್ಕನೆ ತಿರುಗಿದಳು, ಬೂಟು ಮಾತ್ರ ಇದ್ದಲ್ಲೇ ಉಳಿಯಿತು. ಆಪರೇಷನ್ ಆಗಿ ತಿಂಗಳುಗಳಾದರೂ ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿಯುತ್ತಾಳೆ.

ತಪ್ಪು ಟರ್ಫಿನದ್ದಾ? ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2012ರಿಂದ 2016ರವರೆಗಿನ ಪಂದ್ಯಗಳ ಲೆಕ್ಕ ತೆಗೆದಾಗ, ಹುಲ್ಲಿಗಿಂತ ಟರ್ಫಿನಲ್ಲಿ ಕಾಲಿನ ಗಾಯ ಶೇ 16ರಷ್ಟು ಜಾಸ್ತಿ ಇತ್ತು. ಯಾರೂ ತಾಗದೆ ಆದ ಗಾಯದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಆದರೆ ಅದು ಭಾರೀ ಮೈಯವರ ಬೇರೆಯೇ ಆಟ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2022ರ ಸಮೀಕ್ಷೆಯೊಂದರ ಪ್ರಕಾರ ಪಾದ, ಕಣಕಾಲಿನ ಗಾಯ ಟರ್ಫಿನಲ್ಲಿ ಜಾಸ್ತಿ. ಮೊಣಕಾಲಿನದ್ದು ಹೆಚ್ಚುಕಡಿಮೆ ಸಮ, ದೊಡ್ಡ ಮಟ್ಟದ ಆಟಗಾರರಿಗೆ ಮಾತ್ರ ಮೊಣಕಾಲಿಗೂ ಟರ್ಫಿನಲ್ಲಿ ಅಪಾಯ ಹೆಚ್ಚು. ಹಾಗಾಗಿ ಟರ್ಫ್ ಮುಚ್ಚಿ ಅಂತ ನಾನು ಹೇಳುವುದಿಲ್ಲ. ಇರುವುದನ್ನು ಸರಿಯಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ.

ಹುಲ್ಲಿನಲ್ಲಿ ಕಾಲು ಸಿಕ್ಕಿಕೊಂಡರೆ ಮಣ್ಣಿನ ಹೆಂಟೆ ಕಿತ್ತು ಬರುತ್ತದೆ, ಬೂಟು ಬಿಡಿಸಿಕೊಳ್ಳುತ್ತದೆ. ಟರ್ಫ್ ಹಾಗೆ ಕಿತ್ತು ಬರುವುದಿಲ್ಲ. ಅಲ್ಲಿ ಬೂಟಿಗೆ ಒಂದಿಷ್ಟು ಸಡಿಲ ಕೊಡುವುದು ಎಳೆಗಳ ನಡುವೆ ತುಂಬಿದ ಮರಳು ಮತ್ತು ರಬ್ಬರ್ ಕಾಳು. ಮೊದಮೊದಲು ಮಗಳು ಆಡಿ ಬಂದರೆ ಸಾಕ್ಸಿನಿಂದ ಆ ಕಪ್ಪು ಕಾಳು ಜಗಲಿ ತುಂಬಾ ಉದುರುತ್ತಿತ್ತು. ಗುಡಿಸಿ ಗುಡಿಸಿ ಅವಳ ಅಮ್ಮನಿಗೆ ಸಾಕಾಗಿತ್ತು. ಪೆಟ್ಟಾಗುವ ಮುಂಚಿನ ಕೆಲವು ತಿಂಗಳು ಒಂದೂ ಉದುರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡಿದ್ದೆವು. ಆಮೇಲೆ ಹೋಗಿ ನೋಡಿದರೆ ನಡುವಿನಲ್ಲಿ ಕಾಳೇ ಇಲ್ಲ, ಎಳೆಗಳು ಚಾಪೆಯ ಹಾಗೆ ಮಲಗಿವೆ. ಕಾಳೆಲ್ಲ ಬದಿಯ ಬಲೆಯ ಬುಡ ಸೇರಿದೆ. ಅದೇ ಕಾರಣ ಅಂತ ಸಾಬೀತು ಮಾಡಲಾರೆ. ಅವಳು ಹಾಕಿದ್ದೂ ಹುಲ್ಲಿನ ಮೈದಾನಕ್ಕೆ ಮಾಡಿದ ಉದ್ದ ಸ್ಟಡ್ಡಿನ (ಅಡಿಯಲ್ಲಿ ಗುಬ್ಬಿಗಳಿರುವ) ಬೂಟು. ಕೊಡಿಸಿದ್ದು ನಾನೇ. ಟರ್ಫಿಗೆ ಅದು ಬೇಡ ಅಂತ ನನಗೆ ಗೊತ್ತಿರಲಿಲ್ಲ, ಗೇಟಿನಲ್ಲಿ ಯಾರೂ ಹೇಳಲಿಲ್ಲ.

ಆಗಾಗ ಬ್ರಷ್ ಹೊಡೆದು ಕಾಳು ಸಮ ಮಾಡುವುದು, ಕಮ್ಮಿಯಾದಲ್ಲಿ ತುಂಬುವುದು, ಎಂಥ ಶೂ ಬೇಕು ಅಂತ ಬೋರ್ಡ್ ಹಾಕುವುದು ಕಷ್ಟದ ಕೆಲಸ ಅಲ್ಲ, ಅಲ್ವಾ? ಪರವಾನಗಿ ಕೊಡುವವರು ಇಷ್ಟನ್ನಾದರೂ ನೋಡಲಿ.

ಇನ್ನೊಂದು ಮಾತು. ಗಂಟೆಗೆ ದುಡ್ಡು ಕಟ್ಟಿದ್ದೇವೆ ಅಂತ ಮಕ್ಕಳು ಒಳಗೆ ಹೋದ ಕೂಡಲೇ ಆಟ ಶುರು ಮಾಡುತ್ತಾರೆ. ಇಂಥ ಗಾಯ ತಪ್ಪಿಸಲೆಂದೇ ಫಿಫಾ ರೂಪಿಸಿದ '11 ಪ್ಲಸ್' ವಾರ್ಮ್‌ಅಪ್ ಇದೆ, ಸುಮಾರು 20 ನಿಮಿಷದ್ದು. ಎಸಿಎಲ್ ಹರಿಯುವ ಸಾಧ್ಯತೆ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ, ಅವರಿಗಂತೂ ಇದು ಬೇಕೇ ಬೇಕು. ಸ್ಲಾಟಿಗೆ ಮುಂಚೆ ಆ 20 ನಿಮಿಷ ಬದಿಯಲ್ಲಿ ಒಂದಿಷ್ಟು ಜಾಗ ಪುಕ್ಕಟೆ ಕೊಡಿ ಎಂದು ಟರ್ಫಿನವರನ್ನು ಕೇಳಿಕೊಳ್ಳುತ್ತೇನೆ.

ಮುಂದಿನ ಮಳೆಗಾಲಕ್ಕೆ ಮತ್ತೆ ಆಡುತ್ತೇನೆ ಅನ್ನುತ್ತಿದ್ದಾಳೆ ಮಗಳು. ಕಳುಹಿಸುವ ಮುಂಚೆ ನಾನೇ ಹೋಗಿ, ಕೈಯಾಡಿಸಿ, ಕಾಳು ಇದೆಯಾ ಅಂತ ನೋಡಿ ಬರುತ್ತೇನೆ.

— ಫುಟ್‌ಬಾಲ್ ಆಟಗಾರ್ತಿಯೊಬ್ಬಳ ತಂದೆ, ಉಡುಪಿ