ಹೆಸರು ಹೇಳದ ಆ ಅಣ್ಣನಿಗೆ

ಕೊಡಗಿನ ಎಲೆಕ್ಟ್ರಿಕ್ ಕಾರು ಮಾಲೀಕರ ಬಳಗದಲ್ಲಿ ಕೇಳಿದವರಿಗೆಲ್ಲ ಬೇಸರಿಸದೆ ಉತ್ತರ ಕೊಟ್ಟು, ಹೆಸರು ಮಾತ್ರ ಹೇಳದೆ ಉಳಿದ ಅಣ್ಣಾ, ನಿಮಗೆ ನಮ್ಮೆಲ್ಲರ ಮನಸಾರೆ ನಮಸ್ಕಾರ.

ಚಾರ್ಜ್ ಆಗುತ್ತಿಲ್ಲ ಅಂದರೆ ಮೊದಲು ನ್ಯೂಟ್ರಲ್ (ಕರೆಂಟು ವಾಪಸಾಗುವ ತಂತಿ) ಮತ್ತು ಅರ್ಥ್ (ರಕ್ಷಣೆಗೆ ನೆಲಕ್ಕೆ ಸೇರಿಸಿದ ತಂತಿ) ನಡುವಿನ ವೋಲ್ಟೇಜ್ ಅಳೆಯಿರಿ ಅಂದವರು ನೀವು. 2-3 ವೋಲ್ಟ್ ಒಳಗಿದ್ದರೆ ಸರಿ, ಹೆಚ್ಚಾದರೆ ಹಲವು ಚಾರ್ಜರುಗಳು ಕೆಲಸ ನಿಲ್ಲಿಸುತ್ತವೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಮಾರ್ಚ್ ತಿಂಗಳಲ್ಲಿ ಮಣ್ಣು ಒಣಗಿ ಕೈಕೊಡುತ್ತದೆ. ಆಗ ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕು. ನ್ಯೂಟ್ರಲನ್ನೇ ಅರ್ಥ್‌ಗೆ ಸೇರಿಸುವ ಅಡ್ಡದಾರಿ ಜೀವಕ್ಕೇ ಅಪಾಯ ಅಂತ ಎಷ್ಟು ಜನರನ್ನು ತಡೆದಿರಿ! ಮನೆಯಿಂದ ಕಾರು ಚಾರ್ಜ್ ಮಾಡುವ ಶೆಡ್ 40 ಮೀಟರ್ ದೂರವಿದ್ದರೆ, 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 15 ಆಂಪ್ ಹರಿದಾಗ ಸುಮಾರು 9 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿ.ಮೀ. ಹಾಕಿದರೆ 4ಕ್ಕಿಂತ ಕಡಿಮೆ. ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿತಗೊಳಿಸುವ ಸ್ವಿಚ್) ಬೇಕೇ ಬೇಕು.

ಘಟ್ಟದ ಲೆಕ್ಕವಂತೂ ಅಮೂಲ್ಯ. 1500 ಕೆ.ಜಿ. ಕಾರು 1000 ಮೀಟರ್ ಎತ್ತರ ಏರಲು ದೂರದ ಖರ್ಚಿನ ಮೇಲೆ 4 ಯೂನಿಟ್‌ಗೂ ಹೆಚ್ಚು ಬೇಕು. ಇಳಿಯುವಾಗ ಮೋಟರೇ ಕರೆಂಟು ಹುಟ್ಟಿಸಿ ಅದರಲ್ಲೊಂದು ಪಾಲು ಬ್ಯಾಟರಿಗೆ ವಾಪಸ್. ಆದರೆ ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ಘಟ್ಟದ ಕೆಳಗಿನ ಸಂಪಾಜೆಗೆ ಇಳಿದರೆ ತುಂಬಿದ ಬ್ಯಾಟರಿ ಅದನ್ನು ತೆಗೆದುಕೊಳ್ಳುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಹಿಂಜರಿದವರು ಕಾರು ಬುಕ್ ಮಾಡಿದ್ದು ಈ ಲೆಕ್ಕ ನೋಡಿಯೇ, ಅಣ್ಣಾ.