ಚೀಟಿ ಕೌಂಟರಿನಲ್ಲೇ ನಿಂತುಹೋಗುವ ಗಣಕೀಕರಣ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ ಇರುವ ನಮ್ಮ ತಾಯಿಯನ್ನು ತಿಂಗಳಿಗೊಮ್ಮೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಹೊರರೋಗಿ ಚೀಟಿ ಈಗ ಕಂಪ್ಯೂಟರಿನಿಂದಲೇ ಬರುತ್ತದೆ. ಆದರೆ ಕಳೆದ ಬಾರಿ ಹಳೆಯ ರಕ್ತ ಪರೀಕ್ಷೆಯ ವರದಿಯನ್ನು ಮನೆಯಲ್ಲೇ ಮರೆತು ಹೋಗಿದ್ದಾಗ, ಅದೇ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ವಿಚಾರಿಸಿದರೆ, ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಹೆಸರಿನ ಕೊನೆಯ ‘ಅಮ್ಮ’ನಿಗೆ ಒಬ್ಬ ಸಿಬ್ಬಂದಿ ಒಂದು ‘ಎಂ’ ಹಾಕಿದ್ದರು, ಇನ್ನೊಬ್ಬರು ಎರಡು ಹಾಕಿದ್ದರು. ದಾಖಲೆಯಲ್ಲಿ ನಮ್ಮ ತಾಯಿ ಇಬ್ಬರಾಗಿದ್ದರು. ತಿಂಡಿ ತಿಂದು ಬಂದಿದ್ದ ಅವರು ಆ ರಕ್ತ ಪರೀಕ್ಷೆಯನ್ನು ಹೊಸದಾಗಿ ಮಾಡಿಸಲು ಮಾರನೆಯ ದಿನ ಬರಿಹೊಟ್ಟೆಯಲ್ಲಿ ಮತ್ತೆ ಬಸ್ಸು ಹತ್ತಬೇಕಾಯಿತು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದಿದೆ. ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಒಂದೇ ಗುರುತಿನಡಿ ಜೋಡಿಸಲೆಂದು ಅದರಡಿ ನೀಡುವ 14 ಅಂಕಿಗಳ ಆಭಾ ಸಂಖ್ಯೆ ಇಂತಹ ಗೊಂದಲವನ್ನು ತಪ್ಪಿಸಬೇಕಿತ್ತು. ನಾನು ಕಂಡಂತೆ ಅದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವುದಕ್ಕಷ್ಟೇ ಬಳಕೆಯಾಗುತ್ತಿದ್ದು, ಪ್ರಯೋಗಾಲಯದವರೂ ಔಷಧ ವಿತರಣೆಯವರೂ ತಮ್ಮ ತಮ್ಮ ರಿಜಿಸ್ಟರಿನಲ್ಲೇ ಬರೆದುಕೊಳ್ಳುತ್ತಾರೆ. ಆ ಸ್ಕ್ಯಾನ್ ಕೂಡ ಸ್ಮಾರ್ಟ್‌ಫೋನ್ ಇದ್ದವರಿಗೆ ಮಾತ್ರ. ಕೀಪ್ಯಾಡ್ ಮೊಬೈಲ್ ಹಿಡಿದು ಬಂದ ವೃದ್ಧರು ಹಳೆಯ ಸರದಿಯಲ್ಲೇ ನಿಲ್ಲುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ರೆಫರಲ್ ಪತ್ರ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗುವವರ ಪಾಲಿಗೆ, ಹಳೆಯ ವರದಿಗಳನ್ನು ತುಂಬಿಕೊಂಡ ಪ್ಲಾಸ್ಟಿಕ್ ಕವರೇ ಇಂದಿಗೂ ನಿಜವಾದ ದಾಖಲೆ.

ಇದಕ್ಕೆ ಹೊಸ ತಂತ್ರಾಂಶವೇ ಬೇಕೆಂದೇನೂ ಇಲ್ಲ. ಮೊದಲ ಭೇಟಿಯಲ್ಲಿ ಕೊಟ್ಟ ನೋಂದಣಿ ಸಂಖ್ಯೆಯನ್ನು ಬಾರ್‌ಕೋಡ್ ಸಹಿತ ಒಂದು ಗಟ್ಟಿ ಕಾರ್ಡಿನಲ್ಲಿ ಮುದ್ರಿಸಿಕೊಟ್ಟು, ಪ್ರಯೋಗಾಲಯ ಮತ್ತು ಔಷಧ ಕೌಂಟರುಗಳಲ್ಲೂ ಅದನ್ನೇ ಬಳಸಬೇಕು; ಹೆಸರನ್ನು ಪಡಿತರ ಚೀಟಿಯಲ್ಲಿರುವಂತೆ ಕನ್ನಡದಲ್ಲಿ ದಾಖಲಿಸಬೇಕು. ಮೊಬೈಲ್ ಸಂಖ್ಯೆಯಿಂದ ಹುಡುಕಿದರೆ ಸಾಕೆನ್ನುವವರಿದ್ದಾರೆ, ಆದರೆ ಹಳ್ಳಿಗಳಲ್ಲಿ ಇಡೀ ಮನೆಗೆ ಒಂದೇ ಮೊಬೈಲ್ ಇರುವುದುಂಟು. ಇನ್ನು, ಕಿಟಕಿಯ ಒಳಗಿನಿಂದ ‘ಏನು ಕಾಯಿಲೆ?’ ಎಂದು ಸರದಿಗೆಲ್ಲ ಕೇಳುವಂತೆ ಕೂಗುವುದು ನಿಂತರೆ ಹೆಣ್ಣುಮಕ್ಕಳ ಮುಜುಗರವೂ ತಪ್ಪುತ್ತದೆ.

ಯಾವ ವೈದ್ಯರು ಅಂದು ರಜೆಯಲ್ಲಿದ್ದಾರೆ ಎಂಬುದು ಚೀಟಿ ಮಾಡಿಸಿ, ಕೊಠಡಿಯ ಮುಂದೆ ಒಂದು ಗಂಟೆ ಕುಳಿತ ಮೇಲೆ ತಿಳಿಯುತ್ತದೆ. ಆ ಮಾಹಿತಿಯನ್ನು ಬೆಳಿಗ್ಗೆ ಚೀಟಿ ಕೌಂಟರಿನ ಪಕ್ಕದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸವನ್ನಾದರೂ ಆರೋಗ್ಯ ಇಲಾಖೆ ನಾಳೆಯಿಂದಲೇ ಆರಂಭಿಸಬಹುದು.

ಇತಿ,
ಒಬ್ಬ ಓದುಗ